ಕುಣಿಗಲ್ ಕೆರೆ ಏರಿ ಮೇಲಿನ ಕುದುರೆಗಳು

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಆ ನಕಾಶೆಯನ್ನು ನಾನು ಊರಿಗೆಲ್ಲ ಹಂಚಿದವನಲ್ಲ. ತುಮಕೂರಿನ ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಕೇಳಿದವರಿಗೆ ಪ್ರತಿ ತೆಗೆದುಕೊಡುವುದು ನನ್ನ ಕಸುಬು. ಕಸುಬು ಮಾಡುವುದು ಬೇರೆ, ಹಂಚುವುದು ಬೇರೆ ಎಂದು ನಮ್ಮ ಅಕ್ಕನಿಗೆ ಎಷ್ಟು ಸಲ ಬಿಡಿಸಿ ಹೇಳಿದರೂ ಅವಳು ಒಪ್ಪಲಿಲ್ಲ.

“ನಿನ್ ಹೊಟ್ಟೇಲಿ ಒಂದ್ ಮಾತು ನಿಲ್ಲಲ್ಲ ಕಣೋ ಚನ್ನೇಶ. ಹುಟ್ಟಿದಾಗಿಂದ ಹಂಗೇ. ಅದಕ್ಕೇ ದೇವ್ರು ನಿಂಗೆ ಜೆರಾಕ್ಸ್ ಅಂಗ್ಡಿ ಹಾಕ್ಸವ್ನೆ,” ಎಂದಳು.

ತಪ್ಪು ಯಾರದು ಎಂದು ನೋಡಬೇಕಾದರೆ ನಮ್ಮ ಭಾವ ಚನ್ನವೀರಯ್ಯನವರ ಅಟ್ಟದಿಂದ ಶುರು ಮಾಡಬೇಕು. ಭಾವ ಸರ್ವೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಭೂಮಾಪಕರಾಗಿದ್ದು ನಿವೃತ್ತಿಯಾದವರು. ಜಿಲ್ಲೆಯ ಬಾಂದು ಕಲ್ಲುಗಳೆಲ್ಲ ಅವರಿಗೆ ಗುರುತು, ಆದರೆ ಕನ್ನಡಕ ಎಲ್ಲಿಟ್ಟೆ ಎಂಬುದು ಗೊತ್ತಿಲ್ಲ. ಹೋದ ಕಾರ್ತಿಕದಲ್ಲಿ ಅಕ್ಕ ಹಿತ್ತಾಳೆ ಕೊಳಗ ಇಳಿಸಿಕೊಡಿ ಎಂದು ಅವರನ್ನು ಅಟ್ಟಕ್ಕೆ ಹತ್ತಿಸಿದಳು. ಕೊಳಗ ಇಳಿಯಲಿಲ್ಲ. ಎರಡು ಗಂಟೆಯಾದ ಮೇಲೆ ಭಾವ ಒಂದು ತಗಡಿನ ಪೆಟ್ಟಿಗೆಯನ್ನು ತಬ್ಬಿಕೊಂಡು ಇಳಿದರು. ಮೈಯೆಲ್ಲ ಧೂಳು, ಮುಖದಲ್ಲಿ ಮಾತ್ರ ಮದುವೆ ಗಂಡಿನ ಕಳೆ.

ಪೆಟ್ಟಿಗೆಯಲ್ಲಿ ಮೂರು ಇಂಗ್ಲಿಷ್ ಪುಸ್ತಕಗಳಿದ್ದವು. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಅವರು ಹುಡುಗರಾಗಿದ್ದಾಗ ಕೊಂಡವು. ಯುದ್ಧದ ಆಟ ಆಡುವುದು ಹೇಗೆ ಎಂದು ತಿಳಿಸುವ ಪುಸ್ತಕಗಳು. ಒಳಗೆ ಕಪ್ಪು ಬಿಳುಪು ಫೋಟೋಗಳು: ಕೋಟು, ಟೈ ತೊಟ್ಟ ಬಿಳಿಯ ಮುದುಕರು ಜಮಖಾನದ ಮೇಲೆ ಬೋರಲು ಮಲಗಿ, ಸ್ಕೇಲು ಹಿಡಿದು, ತವರದ ಸಿಪಾಯಿಗಳ ನಡುವಿನ ದೂರ ಅಳೆಯುತ್ತಿದ್ದಾರೆ. ಕಾಲಾಳು ಒಂದು ಸರದಿಗೆ ಆರಂಗುಲ ನಡೆಯಬೇಕು, ಕುದುರೆ ಹನ್ನೆರಡಂಗುಲ. ಕಾಡು ಬಂದರೆ ಅರ್ಧ. ಗುಂಡು ತಗುಲಿತೋ ಇಲ್ಲವೋ ಎಂಬುದಕ್ಕೆ ದಾಳ ಎಸೆಯಬೇಕು. ಪುಟದ ಅಂಚಿಗೆಲ್ಲ ಹಸಿರು ಇಂಕಿನಲ್ಲಿ ಯಾರೋ ಕನ್ನಡದಲ್ಲಿ ಟಿಪ್ಪಣಿ ಬರೆದಿದ್ದರು.

“ಇದ್ಯಾರ ಕೈಬರಹ ಭಾವ?” ಎಂದೆ.

ಭಾವನ ಮುಖದ ಕಳೆ ಇಳಿಯಿತು. “ವೆಂಕಟೇಶಯ್ಯಂದು,” ಎಂದರು. “ಗುಬ್ಬೀಲಿ ನನ್ ಜೊತೆ ಸರ್ವೆಯರ್ ಆಗಿದ್ದ. ಒಂದೇ ರೂಮು, ಒಂದೇ ಸ್ಟೌವ್ವು. ಎಂಬತ್ತೆಂಟನೇ ಇಸ್ವೀಲಿ ಒಂದ್ ಯುದ್ಧ ಅರ್ಧಕ್ಕೆ ನಿಂತೋಯ್ತು. ಅವತ್ತಿಂದ ಮಾತಿಲ್ಲ.”

“ಯಾವ ವಿಷಯಕ್ಕೆ?”

“ಕುದುರೆ ವಿಷಯಕ್ಕೆ.”

ಆ ಕದನದಲ್ಲಿ ಭಾವನದು ಕೆಂಪು ಸೈನ್ಯ, ಕುಣಿಗಲ್ ಕಡೆಯಿಂದ. ವೆಂಕಟೇಶಯ್ಯನವರದು ನೀಲಿ, ಗುಬ್ಬಿಯಿಂದ. ಮೊದಲು ತುಮಕೂರು ಹಿಡಿದವರು ಗೆದ್ದಂತೆ. ಗೆಲುವು ಭಾವನ ಕೈಗೆ ಬರುವ ಹೊತ್ತಿಗೆ ವೆಂಕಟೇಶಯ್ಯನವರು ಸುತ್ತಿ ಬಳಸಿ ತಮ್ಮ ಕುದುರೆ ದಳವನ್ನು ಕುಣಿಗಲ್ ಕೆರೆ ಏರಿ ಮೇಲೆ ಹಾಯಿಸಿ ಕೆಂಪು ಸೈನ್ಯದ ಬೆನ್ನಿಗೆ ತಂದು ನಿಲ್ಲಿಸಿದರು. ಏರಿ ಮೇಲೆ ಕುದುರೆ ದಳ ಹೋಗುವ ಹಾಗಿಲ್ಲ ಎಂದು ಭಾವ. ಕುಣಿಗಲ್‌ನಲ್ಲಿ ಕುದುರೆ ಫಾರಂ ಇರುವುದೇ ಕುದುರೆ ಓಡಾಡಲಿ ಅಂತ ಎಂದು ಅವರು. ನಿಯಮ ನೋಡೋಣವೆಂದು ಪುಸ್ತಕ ಎಳೆದಾಡುವಾಗ ಒಂದು ಹಾಳೆ ಹರಿದು ವೆಂಕಟೇಶಯ್ಯನವರ ಕೈಗೆ ಹೋಯಿತು. ಅವರು ಹಾಳೆಯ ಸಮೇತ ಎದ್ದು ಹೊರಟವರು ರೂಮಿಗೆ ತಿರುಗಿ ಬರಲಿಲ್ಲ. ಮೂವತ್ತೇಳು ವರ್ಷವಾಯಿತು.

ಇಷ್ಟನ್ನು ಹೇಳಿ ಭಾವ ಆ ಪುಸ್ತಕದಲ್ಲಿ ಹಾಳೆಯಿಲ್ಲದ ಜಾಗವನ್ನು ಸವರಿದರು. ನನಗೆ ಅವರನ್ನು ನೋಡಿ ನಿಜಕ್ಕೂ ಪಾಪ ಅನ್ನಿಸಿತು.

ಆ ಕನಿಕರ ಒಂದು ವಾರ ಉಳಿಯಿತು. ಅಷ್ಟರಲ್ಲಿ ನಡುಮನೆಯ ಮಂಚ ರಣರಂಗವಾಗಿತ್ತು. ಹುಣಸೆ ಬೀಜ ಕಾಲಾಳು, ಅವರೆಕಾಳು ಕುದುರೆ. ಅರ್ಧಕ್ಕೆ ನಿಂತ ಯುದ್ಧವನ್ನು ಭಾವ ಒಬ್ಬರೇ ಎರಡೂ ಕಡೆ ಕೂತು ಆಡುತ್ತಿದ್ದರು. ಕೆರೆ ಏರಿ ಬಂದಾಗ ಮಾತ್ರ ಆ ಕಡೆಯವರಾಗಿ ಬೈದು, ಈ ಕಡೆಯವರಾಗಿ ಬೈಸಿಕೊಂಡು ಸುಮ್ಮನಾಗುತ್ತಿದ್ದರು. ಒಂದು ದಿನ ನೀಲಿ ಕುದುರೆ ದಳ ಪೂರ್ತಿ ಕಾಣೆಯಾಯಿತು.

“ಸಿದ್ದಗಂಗಾ! ಇಲ್ಲಿದ್ದ ಕುದುರೆ ಎಲ್ಲೋದ್ವು?”

“ಸಾರಲ್ಲಿ ಅವೆ. ಮುದ್ದೆ ಆಯ್ತು, ಬನ್ನಿ,” ಎಂದಳು ಅಕ್ಕ ಅಡುಗೆಮನೆಯಿಂದ.

ಇದರಿಂದ ಬೇಸತ್ತ ಭಾವ ಯುದ್ಧವನ್ನು ಮಂಚದಿಂದ ಕಾಗದಕ್ಕೆ ಏರಿಸಲು ನಿರ್ಧರಿಸಿದರು. ಹಸಿರು ಟಿಪ್ಪಣಿಗಳನ್ನೇ ಆಧಾರ ಮಾಡಿಕೊಂಡು ಗುಬ್ಬಿ, ಕುಣಿಗಲ್, ತುಮಕೂರು ಮೂರನ್ನೂ ಸೇರಿಸಿ ನಕಾಶೆ ಬರೆದರು. ಕೋರ ಗ್ರಾಮದ ಹೊಲಗಳ ಮೇಲೆ ನೀಲಿ ಬಾಣ, ಕ್ಯಾತ್ಸಂದ್ರದ ಮೇಲೆ ದಪ್ಪನೆಯ ಕೆಂಪು ಬಾಣ, ದೇವರಾಯನದುರ್ಗದ ನೆತ್ತಿಯ ಮೇಲೆ ಫಿರಂಗಿಗೆಂದು ಎರಡು ಕಪ್ಪು ಚುಕ್ಕಿ. ಪಕ್ಕದಲ್ಲಿ ‘ಮೊದಲನೇ ದಿನ’, ‘ಎರಡನೇ ದಿನ’ ಎಂದು ಬರಹ. ಮಿಕ್ಕವರಾದರೆ ಅಲ್ಲಿಗೆ ಬಿಡುತ್ತಿದ್ದರು. ಭಾವ ಭೂಮಾಪಕರು. ಉತ್ತರ ದಿಕ್ಕಿನ ಗುರುತು ಹಾಕಿದರು, ಅಳತೆ ಪ್ರಮಾಣ ಬರೆದರು, ಕೆಳಗೆ ಸಹಿ ಮಾಡಿದರು. ಸಹಿಯ ಪಕ್ಕ ಬರಿದಾಗಿ ಕಂಡಿತು. ಪೆನ್ಸಿಲ್ ಡಬ್ಬಿಯಲ್ಲಿ ಹಳೆಯ ರಬ್ಬರ್ ಸ್ಟಾಂಪ್ ಉಳಿದುಕೊಂಡಿತ್ತು. ನಿವೃತ್ತಿಯಾದ ಮೇಲೆ ಹಾಲಿನ ಕಾರ್ಡಿಗೂ ಅದನ್ನು ಒತ್ತುತ್ತಿದ್ದ ಮಹಾನುಭಾವರು ನಕಾಶೆಯನ್ನು ಬಿಟ್ಟಾರೆಯೇ? ‘ಚನ್ನವೀರಯ್ಯ, ಭೂಮಾಪಕರು’ ಎಂದು ನೇರಳೆ ಬಣ್ಣದಲ್ಲಿ ಮೂಡಿತು.

“ಚನ್ನೇಶ, ಇದನ್ನ ದೊಡ್ದು ಮಾಡಿ ಒಂದ್ ಬಣ್ಣದ್ ಜೆರಾಕ್ಸ್ ತಕ್ಕೊಂಬಾ,” ಎಂದರು.

ನಾನು ಯಂತ್ರಕ್ಕೆ ಹಾಕಿದೆ. ನಕಾಶೆ ಮೆಲ್ಲಗೆ ಹೊರಬರುತ್ತಿದ್ದಾಗ ಕೋರದ ನರಸಿಂಹಯ್ಯನವರು ಪಹಣಿ ಹಿಡಿದುಕೊಂಡು ಅಂಗಡಿಯಲ್ಲಿ ನಿಂತಿದ್ದರು. ಮೊದಲು ಬಾಣ ನೋಡಿದರು, ಆಮೇಲೆ ಸೀಲು ನೋಡಿದರು. ಕೈಯಲ್ಲಿದ್ದ ಪಹಣಿ ಕೆಳಗೆ ಬಿತ್ತು.

“ಏನ್ಲಾ ಚನ್ನೇಶ ಇದು? ರಸ್ತೆ ಬತ್ತಾ ಐತಾ? ನಮ್ಮೊಲದ್ ಮ್ಯಾಲೆ ಗೀಟು ಎಳೆದವ್ರಲ್ಲಾ!”

“ಅಯ್ಯೋ, ಅದೇನಿಲ್ಲ ಗೌಡ್ರೆ. ನಮ್ಮ ಭಾವಂದು. ಹಳೇ ಲೆಕ್ಕ ಒಂದಿತ್ತಂತೆ, ಮುಗಿಸ್ತಾ ಅವ್ರೆ,” ಎಂದೆ.

ಇದರಲ್ಲಿ ಸುಳ್ಳೇನಿದೆ ನೀವೇ ಹೇಳಿ. ಅವರು ಒಂದು ಪ್ರತಿ ಕೇಳಿದರು. ನನ್ನ ಕಸುಬೇನೆಂದು ಮೊದಲೇ ಹೇಳಿದ್ದೇನೆ.

ಮಧ್ಯಾಹ್ನದ ಹೊತ್ತಿಗೆ ನಕಾಶೆ ಎಲ್ಲರ ಫೋನಿನಲ್ಲೂ ಇತ್ತು. ರಿಂಗ್ ರೋಡು ಎಂದರು ಕೆಲವರು, ಇನ್ನು ಕೆಲವರು ರೈಲು ಎಂದರು. ಬೆಟ್ಟದ ಮೇಲಿನ ಎರಡು ಚುಕ್ಕಿ ಮೊಬೈಲ್ ಟವರ್ ಎಂಬ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿರಲಿಲ್ಲ. ಮರುದಿನ ಬೆಳಿಗ್ಗೆ ಭಾವನ ಮನೆ ಗೇಟಿನ ಮುಂದೆ ನಲವತ್ತು ಜನ ಚಪ್ಪಲಿ ಬಿಟ್ಟಿದ್ದರು. ಭಾವ ಹೊರಗೆ ಬಂದು, ತಮ್ಮ ಹವ್ಯಾಸಕ್ಕೆ ಊರಿನಲ್ಲಿ ಇಷ್ಟು ಅಭಿಮಾನಿಗಳಿದ್ದಾರೆಂದು ತಿಳಿಯದೆ ಹೋಯಿತಲ್ಲ ಎಂದು ಹಿಗ್ಗಿದರು.

“ಸ್ವಾಮಿ, ಈ ಪ್ಲಾನು ನಿಜಾನಾ?” ಎಂದರು ನರಸಿಂಹಯ್ಯ.

“ನಿಜ. ಆದ್ರೆ ಹೊಸದಲ್ಲ. ಎಂಬತ್ತೆಂಟರದು.”

“ಮೂವತ್ತೇಳು ವರ್ಷದಿಂದ ಮುಚ್ಚಿಟ್ಟಿದ್ರಾ?”

“ಮುಚ್ಚಿಟ್ಟಿದ್ದಲ್ಲ, ಅಟ್ಟದಲ್ಲಿತ್ತು.”

“ಕೋರಕ್ಕೆ ಯಾವಾಗ ಬತ್ತೀರಿ?”

“ಅಲ್ಲೇ ಬರ್ದಿದೀನಲ್ಲ, ಮೊದಲನೇ ದಿನಾನೇ. ಆದ್ರೆ ಅದು ನೀಲಿ ಕಡೆಯೋರ ಬಾಣ. ಅದು ಎಲ್ಲಿ ತಿರುಗುತ್ತೆ ಅನ್ನೋದು ನನ್ ಕೈಲಿಲ್ಲ. ಗುಬ್ಬಿ ವೆಂಕಟೇಶಯ್ಯನ ಕೈಲಿದೆ.”

ತಕ್ಷಣ ಅರ್ಧ ಗುಂಪು ಗುಬ್ಬಿ ಬಸ್ಸು ಹತ್ತಿತು. ಉಳಿದವರ ನಡುವಿನಿಂದ ಹೊಂಬಾಳಮ್ಮ ಮುಂದೆ ಬಂದರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲ್ ನಡೆಸುವ ಹೆಂಗಸು. ಕೆಂಪು ಬಾಣ ಸರಿಯಾಗಿ ಅವರ ಒಲೆಯ ಮೇಲೆ ಹಾದಿತ್ತು. ಕೈಯಲ್ಲಿ ಸ್ಟೀಲ್ ಕ್ಯಾರಿಯರ್.

“ಅಣ್ಣಾ, ಹನ್ನೆರಡು ಇಡ್ಲಿ ಐತೆ, ಬೆಣ್ಣೆ ಹಾಕಿವ್ನಿ. ತಿಂದ್ಕಂಡು ಈ ಬಾಣಾನ ಒಂದೀಟು ಆಚಿಕಡಿಕೆ ತಿರುಗುಸ್ಬುಡಿ. ನಿಮಗೆ ಪುಣ್ಯ ಬತ್ತದೆ.”

ಭಾವನಿಗೆ ಯುದ್ಧತಂತ್ರದ ಬಗ್ಗೆ ಹೆಂಗಸೊಬ್ಬರು ಸಲಹೆ ಕೊಟ್ಟದ್ದು ಇದೇ ಮೊದಲು. ಕನ್ನಡಕ ಹುಡುಕಿ, ನಕಾಶೆ ಹರಡಿ, ಗಂಭೀರವಾಗಿ ನೋಡಿದರು.

“ತಿರುಗಿಸಬಹುದು ತಾಯಿ. ಅರ್ಧ ದಿನ ತಡ ಆಗುತ್ತೆ, ಆದ್ರೆ ನಷ್ಟ ಕಮ್ಮಿ. ನೀವು ಹೇಳೋದ್ರಲ್ಲಿ ಅರ್ಥ ಇದೆ,” ಎಂದು ರಬ್ಬರಿನಿಂದ ಬಾಣ ಅಳಿಸಿ ಆಚೆಗೆ ಎಳೆದರು. ತಿದ್ದಿದ ಜಾಗಕ್ಕೆ ಚಿಕ್ಕ ಸಹಿ ಹಾಕಿ ಮತ್ತೊಮ್ಮೆ ಸೀಲು ಒತ್ತಿದರು. ಆಮೇಲೆ ಇಡ್ಲಿ ತಿಂದರು.

ಅಲ್ಲಿದ್ದವರೆಲ್ಲ ನಕಾಶೆಯ ಮೇಲೆ ಬಗ್ಗಿ, ಬಾಣ ಈಗ ಯಾರ ಮನೆಗೆ ಬಿತ್ತೆಂದು ಹುಡುಕಿದರು. ಆಚೆ ಕಡೆಯಲ್ಲೂ ಮನೆಗಳಿವೆ, ಮನೆಗಳಲ್ಲಿ ಜನರಿದ್ದಾರೆ. ಸಂಜೆಯೊಳಗೆ ಭಾವನ ಮನೆಗೆ ಹಲಸಿನಕಾಯಿ, ಎರಡು ಎಳನೀರು ಗೊನೆ, ಒಂದು ಕುಕ್ಕೆ ಬದನೆಕಾಯಿ ಬಂದವು. ಯಾವುದೂ ತರದವರು ತಹಸೀಲ್ದಾರರಿಗೆ ಅರ್ಜಿ ಕೊಟ್ಟರು: ಚನ್ನವೀರಯ್ಯ ಎಂಬುವರು ಇಡ್ಲಿ ತಿಂದು ರಸ್ತೆ ತಿರುಗಿಸಿರುತ್ತಾರೆ. ಅರ್ಜಿಯ ಆರು ಪ್ರತಿಗಳನ್ನು ನನ್ನ ಅಂಗಡಿಯಲ್ಲೇ ತೆಗೆಸಿದರು. ನಾನೇನು ಮಾಡಲಿ?

ಮೂರನೇ ದಿನ ಗ್ರಾಮ ಸಹಾಯಕ ನೋಟೀಸು ತಂದ. ನಿವೃತ್ತ ನೌಕರರು ಕಚೇರಿಯ ಸೀಲು ದುರುಪಯೋಗ ಪಡಿಸಿಕೊಂಡು ಸಾರ್ವಜನಿಕರಲ್ಲಿ ಆತಂಕ ಉಂಟುಮಾಡಿರುವ ಬಗ್ಗೆ ನಾಳೆ ಹನ್ನೊಂದು ಗಂಟೆಗೆ ಸಾಕ್ಷಿ ಸಮೇತ ಹಾಜರಾಗಿ ವಿವರಣೆ ನೀಡತಕ್ಕದ್ದು, ತಪ್ಪಿದಲ್ಲಿ ಪ್ರಕರಣ ಪೊಲೀಸರಿಗೆ ಹೋಗುವುದು. ಅಕ್ಕ ಅದನ್ನು ಓದಿ ಬದನೆಕಾಯಿ ಕುಕ್ಕೆಯ ಪಕ್ಕದಲ್ಲೇ ಕುಸಿದು ಕೂತಳು.

“ಆಟ ಅಂತ ಹೇಳಿದ್ರಾಯ್ತು,” ಎಂದರು ಭಾವ.

“ಅರವತ್ತೆರಡು ವರ್ಷದ್ ಗಂಡ್ಸು ಅವರೆಕಾಳಲ್ಲಿ ಆಟ ಆಡ್ತಿದ್ದೆ ಅಂದ್ರೆ ಯಾರ್ರೀ ನಂಬ್ತಾರೆ? ನಿಮ್ಮನ್ನ ಸ್ಟೇಷನ್ನಿಗೆ ಕರ್ಕೊಂಡೋದ್ರೆ ನಾನ್ ಬೀದೀಲಿ ತಲೆ ಎತ್ಕೊಂಡ್ ಓಡಾಡೋದ್ ಹೆಂಗೆ?” ಎಂದು ಅಕ್ಕ ಅತ್ತಳು. “ಇದು ಆಟ ಅಂತ ಗೊತ್ತಿರೋನು ಪ್ರಪಂಚದಲ್ಲಿ ಆ ಗುಬ್ಬಿಯೋನೊಬ್ನೇ. ಹೋಗಿ ಕಾಲಿಗ್ ಬೀಳಿ.”

ನಾನು ಭಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಗುಬ್ಬಿಗೆ ಹೋದೆ. ವೆಂಕಟೇಶಯ್ಯನವರ ಜಗಲಿ ತುಂಬ ಜನ. ನಡುವೆ ಕೂತ ಬೋಳು ತಲೆಯ ಮುದುಕರು ನನ್ನ ಅಂಗಡಿಯ ಜೆರಾಕ್ಸ್ ಪ್ರತಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಹಸಿರು ಪೆನ್ನಿನಿಂದ ತಿದ್ದುತ್ತಿದ್ದರು. ನಮ್ಮನ್ನು ಕಂಡು ತಲೆ ಎತ್ತಿದರು. ಮೂವತ್ತೇಳು ವರ್ಷದ ಮೇಲೆ ಸಿಕ್ಕ ಸ್ನೇಹಿತನಿಗೆ ಅವರು ಹೇಳಿದ ಮೊದಲ ಮಾತು ಇದು:

“ಏನ್ರೀ ಚನ್ನವೀರಯ್ಯನೋರೆ, ನನ್ನ ಕುದುರೆ ದಳ ಎಲ್ರೀ? ಏರಿ ಮೇಲೆ ತೋರಿಸೇ ಇಲ್ವಲ್ಲ!”

“ಏರಿ ಮೇಲೆ ಹೋಗೋ ಹಾಗಿಲ್ಲವಲ್ಲ. ಎಲ್ಲಿ ತೋರಿಸ್ಲಿ?”

“ಹೋಗಿತ್ತು!”

“ನಿಯಮ ಇರೋ ಹಾಳೆ ಹರ್ಕೊಂಡ್ ಹೋದೋರು ನೀವು. ಎಲ್ಲಿ, ತೋರ್ಸಿ ನೋಡೋಣ.”

ವೆಂಕಟೇಶಯ್ಯನವರು ಇದ್ದಕ್ಕಿದ್ದಂತೆ ಕೆಮ್ಮತೊಡಗಿದರು. ಕೆಮ್ಮು ನಿಂತ ಮೇಲೆ, “ಏರಿ ಮೇಲೆ ಕುದುರೆ ಹೋಗಿತ್ತು ಅಂತ ಒಪ್ಕೊಳ್ಳಿ. ನಾಳೇನೇ ಬಂದು ಸಾಕ್ಷಿ ಹೇಳ್ತೀನಿ,” ಎಂದರು.

ನಾನು ಭಾವನ ಷರಟು ಜಗ್ಗಿದೆ. ಒಂದು ಮಾತು, ನಾಲ್ಕು ಅಕ್ಷರ. ಒಪ್ಪಿಕೊಂಡರೆ ಮಾನ ಉಳಿಯುತ್ತಿತ್ತು.

“ಪೊಲೀಸ್ ಸ್ಟೇಷನ್ನಿಗೆ ಬೇಕಾದ್ರೆ ಹೋಗ್ತೀನಿ,” ಎಂದರು ಭಾವ. “ಏರಿ ಮೇಲೆ ಕುದುರೆ ಬಿಡಲ್ಲ.”

ಸ್ಕೂಟರಿನಲ್ಲಿ ವಾಪಸು ಹೊರಟೆವು. ಹೆದ್ದಾರಿ ಸೇರಿದ ಮೇಲೆ ಭಾವ, “ಪಾಪ, ತಲೆ ಪೂರ್ತಿ ಬೋಳಾಗ್ಬಿಟ್ಟಿದೆ ಕಣೋ ಅವನ್ದು,” ಎಂದರು.

ಮರುದಿನ ಹನ್ನೊಂದಕ್ಕೆ ತಹಸೀಲ್ದಾರ್ ರಂಜನಿ ಮೇಡಂ ಅವರ ಕೊಠಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನರಸಿಂಹಯ್ಯ, ಹೊಂಬಾಳಮ್ಮ, ಅವರವರ ಕಡೆಯವರು. ಮೇಜಿನ ಮೇಲೆ ಸೀಲು ಬಿದ್ದ ನಕಾಶೆ.

“ಯಾರ ಆದೇಶದ ಮೇಲೆ ಇದನ್ನ ತಯಾರಿಸಿದ್ರಿ?” ಎಂದರು ಮೇಡಂ.

“ನನ್ನ ಆದೇಶವೇ ಮೇಡಂ. ಕೆಂಪು ಕಡೆ ಸೇನಾಪತಿ ನಾನೇ.”

ಮೇಡಂ ಪೆನ್ನು ಕೆಳಗಿಟ್ಟರು. “ಈ ಎರಡು ಚುಕ್ಕಿ?”

“ಫಿರಂಗಿ.”

“ದೇವರಾಯನದುರ್ಗದ ಮೇಲೆ?”

“ದೇವಸ್ಥಾನಕ್ಕೆ ತೊಂದ್ರೆ ಆಗದ ಹಾಗೆ ಇಟ್ಟಿದೀನಿ ಮೇಡಂ.”

ರಸ್ತೆಯೆಂದು ಬಂದವರಿಗೆ ಫಿರಂಗಿ ಎಂದು ತಿಳಿದು ಗದ್ದಲ ಇಮ್ಮಡಿಯಾಯಿತು. ಭಾವ ಪುಸ್ತಕ ತೆಗೆದು ಬೋರಲು ಮಲಗಿದ ಬಿಳಿ ಮುದುಕರ ಫೋಟೋ ತೋರಿಸಿದರು. ಅವರು ರಸ್ತೆ ಅಳೆಯಲು ಬಂದ ವಿದೇಶಿ ಇಂಜಿನಿಯರುಗಳೆಂದು ನರಸಿಂಹಯ್ಯ ಕೂಗಿದರು. ಮೇಡಂ ಹಣೆ ಒತ್ತಿಕೊಂಡು, “ನೀವು ಹೇಳ್ತಿರೋದು ಆಟ ಅನ್ನೋದಕ್ಕೆ ಸಾಕ್ಷಿ ಯಾರಿದಾರೆ? ಇಲ್ಲದಿದ್ರೆ ನಾನು ಸ್ಟೇಷನ್ನಿಗೆ ಬರೀಲೇಬೇಕಾಗುತ್ತೆ,” ಎಂದರು. ಭಾವ ತಲೆ ತಗ್ಗಿಸಿದರು. ನಾನು ಅಕ್ಕನಿಗೆ ಏನು ಹೇಳುವುದೆಂದು ಯೋಚಿಸತೊಡಗಿದೆ.

“ನಾನಿದೀನಿ,” ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ವೆಂಕಟೇಶಯ್ಯನವರು ಗುಂಪು ಸೀಳಿಕೊಂಡು ಬಂದರು. ಬೆವರು ಒರೆಸಿಕೊಂಡು ಆಟದ ಚರಿತ್ರೆಯನ್ನೆಲ್ಲ ಹೇಳಿದರು. ಹಸಿರು ಟಿಪ್ಪಣಿಗಳ ಪಕ್ಕ ತಮ್ಮ ಕೈಬರಹ ಬರೆದು ತೋರಿಸಿದರು. ಕೊನೆಗೆ ಜೇಬಿನಿಂದ ಮಡಿಸಿದ ಹಳದಿ ಹಾಳೆಯೊಂದನ್ನು ತೆಗೆದು ಪುಸ್ತಕದ ನಡುವೆ ಇಟ್ಟರು. ಹರಿದ ಅಂಚು ಅಂಚಿಗೆ ಕೂತಿತು.

“ಏನಿದೆ ಇದರಲ್ಲಿ?” ಎಂದರು ಮೇಡಂ.

ವೆಂಕಟೇಶಯ್ಯನವರು ಭಾವನ ಕಡೆ ನೋಡದೆ ಹೇಳಿದರು: “ನಿಯಮದಲ್ಲಿ ಇಲ್ಲದ ಸಂದರ್ಭ ಬಂದ್ರೆ ಆಟಗಾರರು ಜಗಳ ಆಡಬಾರದು ಅಂತಿದೆ. ಒಂದು ದಾಳ ಎಸೀಬೇಕಂತೆ. ನಾಲ್ಕು, ಐದು, ಆರು ಬಿದ್ರೆ ಹೋಗಬಹುದು. ಒಂದು, ಎರಡು, ಮೂರು ಬಿದ್ರೆ ಹೋಗೋ ಹಾಗಿಲ್ಲ. ಅಷ್ಟೇ.”



“ಇದನ್ನ ಯಾವಾಗ ಓದಿದೆ?” ಎಂದರು ಭಾವ.

“ಅವತ್ತೇ. ಬಸ್‌ಸ್ಟ್ಯಾಂಡಿನಲ್ಲಿ.” ವೆಂಕಟೇಶಯ್ಯನವರು ಹಾಳೆಯ ಮಡಿಕೆ ಸವರಿದರು. “ವಾಪಸ್ ಬರೋಕೆ ನಾಚಿಕೆ ಆಯ್ತು ಕಣಯ್ಯಾ. ನಾಳೆ ಹೋದ್ರಾಯ್ತು ಅಂದ್ಕೊಂಡೆ. ನಾಳೆ ನಾಳೆ ಅಂತ ರಿಟೈರೇ ಆಗ್ಬಿಟ್ಟೆ.”

ಹೊಂಬಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಏನು ನಡೆಯುತ್ತಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ಆದರೂ ಅತ್ತರು.

ಮೇಡಂ ಸೀಲನ್ನು ಕಸಿದು ಡ್ರಾಯರಿಗೆ ಹಾಕಿ, ಗುಮಾಸ್ತರಿಂದ ಅಲ್ಲೇ ಮಹಜರು ಬರೆಸಿದರು. ಅದರ ಪ್ರತಿ ನನ್ನಲ್ಲಿದೆ: ‘ಸದರಿ ನಕಾಶೆಯಲ್ಲಿ ಕಾಣಿಸಿರುವ ಕುದುರೆಗಳು ಅವರೆಕಾಳುಗಳೆಂದೂ, ಕಾಲಾಳುಗಳು ಹುಣಸೆ ಬೀಜಗಳೆಂದೂ, ಸದರಿ ಕುದುರೆಗಳನ್ನು ಈಗಾಗಲೇ ಊಟ ಮಾಡಲಾಗಿದೆಯೆಂದೂ ತಿಳಿದುಬಂದಿರುತ್ತದೆ.’ ಪಂಚರಾಗಿ ನರಸಿಂಹಯ್ಯ, ಹೊಂಬಾಳಮ್ಮ ಸಹಿ ಹಾಕಿದರು. ನರಸಿಂಹಯ್ಯ ಸಹಿ ಹಾಕಿದ ಮೇಲೂ, “ಹಂಗಾದ್ರೆ ರಸ್ತೆ ಬರೋದು ಯಾವ ಕಡೆಯಿಂದ?” ಎಂದು ಕೇಳುತ್ತಲೇ ಇದ್ದರು.

ಎಲ್ಲ ಮುಗಿಯಿತೆಂದು ಎದ್ದಾಗ ಮೇಡಂ ತಡೆದರು. “ಒಂದ್ ನಿಮಿಷ. ಮೂವತ್ತೇಳು ವರ್ಷದ ತಕರಾರು. ಇವತ್ತೇ ಇತ್ಯರ್ಥ ಮಾಡ್ಬಿಡೋಣ. ದಾಳ ಇದೆಯಾ?”

ಭಾವನ ಜೇಬಿನಲ್ಲಿತ್ತು. ಪಕ್ಷಪಾತ ಬೇಡವೆಂದು ಮೇಡಂ ತಾವೇ ಎಸೆದರು. ದಾಳ ಕಡತಕ್ಕೆ ಬಡಿದು, ಮೇಜಿನಿಂದ ಹಾರಿ, ನೆಲದಲ್ಲಿ ಉರುಳಿ, ಮೂಲೆಯ ದೊಡ್ಡ ಕಬ್ಬಿಣದ ಬೀರುವಿನ ಅಡಿಗೆ ಹೋಯಿತು. ನಾಲ್ಕು ಜನ ತಳ್ಳಿದರೂ ಬೀರು ಅಲುಗಲಿಲ್ಲ. ಎಲ್ಲರಿಗಿಂತ ಸಣಕಲ ನಾನು. ಮೊಬೈಲ್ ಬೆಳಕು ಹಾಕಿಕೊಂಡು, ಆ ಫೋಟೋದ ಮುದುಕರ ಹಾಗೆಯೇ, ನೆಲದ ಮೇಲೆ ಬೋರಲು ಮಲಗಿ ಅಡಿಗೆ ಇಣುಕಿದೆ.

ಒಂದು ಪೆನ್ನಿನ ಮುಚ್ಚಳ, ಎರಡು ಗುಂಡುಪಿನ್ನು, ಅವುಗಳ ಆಚೆ ದಾಳ. ಚುಕ್ಕಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೇಲೆ ಇಬ್ಬರೂ ಮೆಲ್ಲಗೆ ಮಾತಾಡುವುದು ಕೇಳಿಸಿತು.

“ಸಿಗದೆ ಹೋದ್ರೆ ಏನ್ ಮಾಡೋದು?”

“ಏನ್ ಮಾಡೋದು, ಮೊದಲಿಂದ ಆಡ್ಬೇಕು ಕಣಯ್ಯಾ.”

“ಪೂರ್ತಿ ಆಡೋಕೆ ತಿಂಗಳಾನುಗಟ್ಟಲೆ ಬೇಕು.”

“ನಂಗೇನ್ ಕೆಲ್ಸ ಇದೆ? ಗುಬ್ಬಿಯಿಂದ ಬಸ್ಸಿದೆ. ಶನಿವಾರ ಬರ್ಲಾ?”

ನಾನು ಕೈ ಚಾಚಿ, ಬೆರಳ ತುದಿಯಿಂದ ದಾಳವನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ. ಎದ್ದು ಧೂಳು ಕೊಡವಿಕೊಂಡು, “ಸಿಗಲಿಲ್ಲ,” ಎಂದೆ.

ಈಗ ಪ್ರತಿ ಶನಿವಾರ ವೆಂಕಟೇಶಯ್ಯನವರು ಬರುತ್ತಾರೆ. ಅಕ್ಕ ಅವರೆಕಾಳನ್ನು ಬೇರೆ ಡಬ್ಬಿಯಲ್ಲಿ ಬೀಗ ಹಾಕಿಟ್ಟು, ಕುದುರೆಗಳಿಗೆಂದು ಹಳೆಯ ಅಲಸಂದೆ ಕೊಟ್ಟಿದ್ದಾಳೆ. ಹೋದ ವಾರ ಏರಿಯ ಹತ್ತಿರ ಬಂದು ಮತ್ತೆ ಜಗಳವಾಯಿತು. ಆದರೆ ಮಧ್ಯಾಹ್ನದ ಊಟ ಒಟ್ಟಿಗೇ ಮಾಡಿದರು.

“ನಿಜ ಹೇಳೋ ಚನ್ನೇಶ, ಅವತ್ತು ದಾಳ ಕಾಣಿಸ್ತಾ ನಿಂಗೆ?” ಎಂದು ಅಕ್ಕ ಈಗಲೂ ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ. ನೀವೂ ಎಷ್ಟು ಬಿದ್ದಿತ್ತೆಂದು ಕೇಳಬೇಡಿ. ಅದೊಂದಕ್ಕೆ ನಾನು ಪ್ರತಿ ತೆಗೆಯುವುದಿಲ್ಲ.